ಮಸಿಯಿಲ್ಲದ ಕವರು

"ಮುಟ್ಟೋಕೆ ಮುಂಚೆ ಒಂದು ಮಾತು," ಎಂದ ಫೋಟೋಗ್ರಾಫರ್. "ಬಣ್ಣಕ್ಕೆ ಗೀರು ಬಿದ್ರೆ ಯಾರು ಜವಾಬ್ದಾರಿ?"

ಗ್ಯಾರೇಜು ಮೇಸ್ತ್ರಿಯ ತಂಗಿ ಅಲೆನ್ ಕೀಯನ್ನು ಬೋಲ್ಟಿನ ತಲೆಯೊಳಗೆ ಕೂರಿಸಿದಳು. ಮುಖ ಎತ್ತಲಿಲ್ಲ. "ನಮ್ಮಣ್ಣ ಲಾಕಪ್ಪಲ್ಲಿದಾನೆ. ನಿಮಗೆ ಗೀರಿನ ಚಿಂತೆ."

"ಗೀರು ಬಿದ್ರೆ ನಾನು ಜವಾಬ್ದಾರಿ," ಎಂದಳು ಇನ್‌ಸ್ಪೆಕ್ಟರ್. "ನೀನು ಬಿಚ್ಚಮ್ಮಾ."

ಪೊಲೀಸ್ ಠಾಣೆಯ ಹಿಂದಿನ ಅಂಗಳ. ಮೂರು ಕಡೆ ಗೋಡೆ, ಒಂದು ಕಡೆ ಕಬ್ಬಿಣದ ಗೇಟು. ನಡುವೆ ಎರಡು ಮೋಟಾರ್‌ಸೈಕಲ್. ಎರಡೂ ಒಂದೇ ಮಾದರಿ, ಒಂದೇ ಕೆಂಪು, ಒಂದೇ ದಿನ ಶೋರೂಮಿನಿಂದ ಹೊರಬಂದವು. ಸ್ಟ್ಯಾಂಡಿನ ಮೇಲೆ ನಿಂತಿದ್ದದ್ದು ಫೋಟೋಗ್ರಾಫರನದು. ಟಾರ್ಪಾಲಿನ ಕೆಳಗೆ, ಮುಂದಿನ ಚಕ್ರ ತಿರುಚಿಕೊಂಡು ಮಲಗಿದ್ದದ್ದು ಅವನ ಭಾವನದು, ಹಲ್ಲಿನ ಡಾಕ್ಟರದು.

ಶನಿವಾರ ಬೆಳಕು ಹರಿಯುವಾಗ ಡಾಕ್ಟರು ಗುಡ್ಡದ ರಸ್ತೆಯ ತಿರುವಿನಲ್ಲಿ ಬೈಕಿನ ಸಮೇತ ಕಂದಕಕ್ಕೆ ಬಿದ್ದು ಸತ್ತಿದ್ದರು. ಹಿಂದಿನ ಸಂಜೆ ಆ ಬೈಕಿಗೆ ಹೊಸ ಕ್ಲಚ್ ಕವರು ಹಾಕಿಕೊಟ್ಟಿದ್ದ ಮೇಸ್ತ್ರಿ, ಬೋಲ್ಟು ಸರಿಯಾಗಿ ಬಿಗಿಯದೆ ಸಾವಿಗೆ ಕಾರಣನಾದ ಎಂದು ಒಳಗೆ ಕೂತಿದ್ದ. ಮಧ್ಯಾಹ್ನದ ವ್ಯಾನು ಅವನನ್ನು ಕೋರ್ಟಿಗೆ ಒಯ್ಯಬೇಕು. ನಿನ್ನೆ ಹಿಡಿದು ತಂದವಳು ಇನ್‌ಸ್ಪೆಕ್ಟರೇ. ವ್ಯಾನು ಬರುವುದರೊಳಗೆ, ಹಿಡಿದದ್ದು ಸರಿಯಾದ ಮನುಷ್ಯನನ್ನೇ ಎಂದು ತಿಳಿಯದೆ ಕಾಗದಕ್ಕೆ ಸಹಿ ಹಾಕುವುದಿಲ್ಲ ಎಂದು ಅವಳು ಬೆಳಿಗ್ಗೆಯೇ ನಿರ್ಧರಿಸಿದ್ದಳು.

ಲಾಕಪ್ಪಿನ ಕಿಟಕಿ ಅಂಗಳದ ಕಡೆಗಿತ್ತು. ಸರಳಿನ ಹಿಂದಿನಿಂದ ಮೇಸ್ತ್ರಿಯ ದನಿ ಬಂತು.

"ಎದುರುಬದುರು ಬಿಚ್ಚು. ಒಂದೇ ಕಡೆಯಿಂದ ಹೋಗಬೇಡ, ಕವರು ಸೊಟ್ಟಗಾಗುತ್ತೆ."

"ಗೊತ್ತಣ್ಣ. ನೀನು ಸುಮ್ನೆ ನಿಂತ್ಕೋ."

"ನಿಂತೇ ಇದೀನಲ್ಲ. ಇಲ್ಲಿ ಇನ್ನೇನಿದೆ ಕೆಲಸ?"

ಗೇಟಿನ ಬಳಿ ಸ್ಟೂಲಿನ ಮೇಲೆ ಕೂತಿದ್ದ ದಫೇದಾರರು ನಕ್ಕರು. ನಕ್ಕಾಗ ಅವರ ಹೊಸ ಹಲ್ಲಿನ ಸೆಟ್ಟು ಟಕ್ ಎಂದಿತು. ಇನ್‌ಸ್ಪೆಕ್ಟರ್ ಕೆಲಸಕ್ಕೆ ಸೇರಿದ ಹೊಸದರಲ್ಲಿ ಮಹಜರು ಬರೆಯುವುದನ್ನು ಕೈ ಹಿಡಿದು ಕಲಿಸಿದವರು ಅವರು. ಗೇಟಿನದು, ಗೋದಾಮಿನದು, ಲಾಕಪ್ಪಿನದು, ಠಾಣೆಯ ಎಲ್ಲ ಬೀಗದ ಕೈಗಳೂ ಅವರ ಸೊಂಟದ ಗೊಂಚಲಿನಲ್ಲೇ ಇರುತ್ತಿದ್ದವು.

"ದಫೇದಾರ್ರೇ, ಅದು ನಿಮ್ಮ ಹಲ್ಲೋ ಡ್ರೈ ಕ್ಲಚ್ಚೋ?" ಎಂದಳು ಮೇಸ್ತ್ರಿಯ ತಂಗಿ.

"ಎರಡೂ ಒಂದೇ ಮಗಳೇ. ಎಣ್ಣೆ ಇಲ್ಲದ್ದು ಸದ್ದು ಮಾಡುತ್ತೆ. ಭಾನುವಾರ ತಾನೇ ಮಿಷನ್ನಲ್ಲಿ ಸ್ನಾನ ಮಾಡಿಸ್ಕೊಂಡು ಬಂದೆ. ನನ್ನ ಹಲ್ಲು ನನ್ನ ಬಿಟ್ಟು ತೊಟ್ಟೀಲಿ ಈಜಾಡ್ತಿತ್ತು, ನಾನು ಬೊಚ್ಚುಬಾಯಿ ಬಿಟ್ಕೊಂಡು ನೋಡ್ತಾ ಕೂತಿದ್ದೆ. ಆದ್ರೂ ಟಕ್ ಟಕ್ ನಿಲ್ಲಲಿಲ್ಲ."

ಫೋಟೋಗ್ರಾಫರನ ತುಟಿಯೂ ಸ್ವಲ್ಪ ಸಡಿಲವಾಯಿತು. ಹೋದ ತಿಂಗಳು ದಫೇದಾರರು ಸಾಕ್ಷಿ ಹೇಳುವ ಮುಂಚೆ ಆ ಸೆಟ್ಟನ್ನು ತೆಗೆದು ಕರವಸ್ತ್ರದಲ್ಲಿ ಸುತ್ತಿಟ್ಟು, "ಸತ್ಯ ಹೇಳೋಕೆ ಸ್ವಂತ ಬಾಯೇ ಬೇಕು ಸ್ವಾಮಿ" ಎಂದು ನ್ಯಾಯಾಧೀಶರನ್ನೂ ನಗಿಸಿದ್ದು ಊರಿಗೆಲ್ಲ ಗೊತ್ತಿತ್ತು.

ಕೊನೆಯ ಬೋಲ್ಟು ಬಂತು. ಮೇಸ್ತ್ರಿಯ ತಂಗಿ ಕಂಪನಿಯ ಮುಚ್ಚಿದ ಕವರನ್ನು ಎರಡೂ ಕೈಯಲ್ಲಿ ಹಿಡಿದು ಎಳೆದು, ಒಳಮೈ ಮೇಲಾಗಿಸಿ ಮೇಜಿನ ಮೇಲಿಟ್ಟಳು. ಒಳಗೆಲ್ಲ ಕಪ್ಪು. ಬೆರಳಿಟ್ಟರೆ ಅಚ್ಚು ಬೀಳುವಷ್ಟು.

ಸಾಧಾರಣ ಬೈಕಿನ ಕ್ಲಚ್ಚು ಎಣ್ಣೆಯಲ್ಲಿ ಮುಳುಗಿರುತ್ತದೆ. ಇದರದು ಹಾಗಲ್ಲ. ಬಿಲ್ಲೆಗಳು ಎಣ್ಣೆಯಿಲ್ಲದೆ ಒಂದಕ್ಕೊಂದು ಉಜ್ಜುತ್ತವೆ, ಸದ್ದು ಮಾಡುತ್ತವೆ, ಸವೆದು ಪುಡಿಯಾಗುತ್ತವೆ. ಕರಿಹಲಗೆಯ ಕೆಳಗೆ ಸೀಮೆಸುಣ್ಣದ ಪುಡಿ ಬೀಳುವ ಹಾಗೆ ಇಲ್ಲಿ ಮಸಿ ಬೀಳುತ್ತದೆ. ಪುಡಿ ಹೊರಗೆ ಹೋಗಲಿ, ಗಾಳಿ ಒಳಗೆ ಬರಲಿ ಎಂದು ಕೆಲವರು ಮುಚ್ಚಿದ ಕವರು ತೆಗೆದು ಗಾಳಿಕಿಂಡಿಗಳಿರುವ ಕವರು ಹಾಕಿಸುತ್ತಾರೆ.

"ಗಾಳಿ ಅನ್ನೋದೆಲ್ಲ ನೆಪ," ಎಂದ ಫೋಟೋಗ್ರಾಫರ್. "ಹಾಕ್ಸೋದು ಸದ್ದಿಗೆ. ಮತ್ತೆ ಒಳಗೆ ತಿರುಗೋದು ನಾಲ್ಕು ಜನಕ್ಕೆ ಕಾಣ್ಲಿ ಅಂತ."

"ಒಳಗಿನ ಗುಟ್ಟು ಕಾಣ್ಲಿ ಅಂತ ಕಿಟಕಿ ಇಡಿಸ್ಕೊಳ್ಳೋರನ್ನ ಈಗ ನೋಡ್ತಿದೀನಪ್ಪಾ," ಎಂದರು ದಫೇದಾರರು.

ಇನ್‌ಸ್ಪೆಕ್ಟರ್ ಮೇಜಿನ ಮೇಲಿದ್ದ ಪ್ಲಾಸ್ಟಿಕ್ ಚೀಲ ತೆರೆದಳು. ಡಾಕ್ಟರ ಬೈಕಿನಿಂದ ಸಿಕ್ಕಿದ ಕಿಂಡಿ ಕವರು. ಜೊತೆಗೆ ಎರಡು ಬೋಲ್ಟು. ಮಿಕ್ಕ ನಾಲ್ಕು ಬೋಲ್ಟು ಕಂದಕದಲ್ಲೂ ಸಿಕ್ಕಿರಲಿಲ್ಲ. ಕವರು ಎರಡೇ ಬೋಲ್ಟಿನಲ್ಲಿ ನೇತಾಡುತ್ತಿತ್ತು ಎಂದು ಮಹಜರು ಹೇಳುತ್ತಿತ್ತು. ಕಳಚಿದ ಬೋಲ್ಟು ತಿರುಗುವ ಕ್ಲಚ್ಚಿಗೆ ಸಿಕ್ಕಿ ಹಿಂದಿನ ಚಕ್ರ ಹಿಡಿದುಕೊಂಡಿರಬೇಕು, ಬೋಲ್ಟುಗಳಲ್ಲಿ ಸಡಿಲವಾಗದಂತೆ ಹಚ್ಚುವ ಗಮ್ಮಿನ ಗುರುತೇ ಇಲ್ಲ ಎಂದು ಪರಿಣತರ ವರದಿ. ಅವರಿಗೆ ಕಳಿಸಿದ್ದದ್ದು ಇದೇ ಚೀಲ ಮತ್ತು ಮಹಜರು. ಬೈಕು ಅಂಗಳ ಬಿಟ್ಟು ಹೋಗಿರಲಿಲ್ಲ. ಶನಿವಾರ ಸ್ಥಳಕ್ಕೆ ಹೋದವರು ದಫೇದಾರರು. ಪರವೂರಿಗೆ ಹೋಗಿದ್ದ ಇನ್‌ಸ್ಪೆಕ್ಟರ್ ಬೈಕನ್ನು ನೋಡಿದ್ದು ಸೋಮವಾರ.

"ಒಳಗೆ ನೋಡಿ," ಎಂದು ಅವಳು ಕವರನ್ನು ಫೋಟೋಗ್ರಾಫರನ ಮುಂದೆ ಹಿಡಿದಳು.

ಅವನು ನೋಡಿದ. ಅಲ್ಯೂಮಿನಿಯಂ ತೊಳೆದ ತಟ್ಟೆಯಂತೆ ಬೆಳ್ಳಗಿತ್ತು.

"ಹೊಸದು. ಅದಕ್ಕೆ ಚೊಕ್ಕ ಇದೆ."

"ಊರಿಂದ ಗುಡ್ಡದ ತಿರುವಿನವರೆಗೆ ಓಡಿದೆ. ಮಸಿ ಎಲ್ಲಿ?"

ಅವನು ಕವರಿನ ಮೂಲೆಗಳಿಗೆ ಬಗ್ಗಿ ನೋಡಿದ.

"ಈ ಕವರು ಓಡೇ ಇಲ್ಲ ಅಂತ ಇಟ್ಕೊಳ್ಳೋಣ. ಓಡಿದ್ದು ಬೇರೆ, ಚೀಲಕ್ಕೆ ಬಂದದ್ದು ಬೇರೆ. ಹಾಗೆ ಬದಲಾಯಿಸ್ಬೇಕು ಅಂದ್ರೆ ಇಂಥದ್ದೇ ಇನ್ನೊಂದು ಕೈಯಲ್ಲಿರಬೇಕು. ನೀವೂ ನಿಮ್ಮ ಭಾವನೂ ಒಟ್ಟಿಗೆ ತರಿಸಿದ್ದು ಎರಡು. ಮೂರನೇದು ಈ ಊರಲ್ಲಿಲ್ಲ, ಅಂಗಡಿಯವರನ್ನ ಕೇಳಿದೀನಿ."

"ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಳ್ಳೋನಲ್ಲ ಮೇಡಂ ನಾನು."

"ಹೆಗಲು ಬೇಡ. ಡಬ್ಬ ತೋರಿಸಿ. ತರೋಕೆ ಹೇಳಿದ್ದೆನಲ್ಲ."

"ಅದಕ್ಕೆ ಮುಂಚೆ ನೀವು ಕೇಳಬೇಕು ಅಂತಿರೋದನ್ನ ಕೇಳ್ಬಿಡಿ."

"ಸರಿ. ನಿಮ್ಮ ಸ್ಟುಡಿಯೋಗೂ ಕ್ಲಿನಿಕ್ಕಿಗೂ ನಡುವಿನ ಗೋಡೆ ವಿಷಯಕ್ಕೆ ಜಗಳ ಆಡಿದ್ರಾ?"

"ಆಡಿದೆ. ಗೋಡೆ ಒಡೆದು ಕ್ಲಿನಿಕ್ಕು ದೊಡ್ಡದು ಮಾಡ್ತೀನಿ, ನೀನು ಬೇರೆ ಕಡೆ ನೋಡ್ಕೋ ಅಂದ್ರು ಭಾವ. ಬೀದೀಲಿ ನಿಂತು ಕೂಗಾಡಿದೆ. ಇಡೀ ಬೀದಿ ಕೇಳಿದೆ." ಅವನ ದನಿ ಒಂದು ಮೆಟ್ಟಲು ಇಳಿಯಿತು. "ಮಾರನೇ ದಿನವೇ ಇಬ್ಬರೂ ಜೊತೇಲಿ ಕೂತು ಈ ಕವರು ಆರಿಸಿದ್ವಿ. ಅದನ್ನ ಬೀದಿ ಕೇಳಿಲ್ಲ."

ಅವನು ಭುಜದ ಚೀಲದಿಂದ ರಟ್ಟಿನ ಡಬ್ಬ ತೆಗೆದು ಮೇಜಿನ ಮೇಲಿಟ್ಟ. ಇನ್‌ಸ್ಪೆಕ್ಟರ್ ಅದನ್ನು ನಾಲ್ಕೂ ಕಡೆ ತಿರುಗಿಸಿದಳು. ಕಾರ್ಖಾನೆಯ ಟೇಪು ಒಂದು ಕೂದಲಿನಷ್ಟೂ ಎದ್ದಿರಲಿಲ್ಲ. ಬ್ಲೇಡಿನಿಂದ ಕತ್ತರಿಸಿ ತೆರೆದಾಗ ಒಳಗೆ ಎಣ್ಣೆಕಾಗದ, ಅದರೊಳಗೆ ಪಾರದರ್ಶಕ ಹಾಳೆ, ಅದರೊಳಗೆ ಯಾರ ಬೆರಳೂ ಮುಟ್ಟದ ಕವರು.

ಎರಡನೆಯ ಕವರು ಡಬ್ಬ ಬಿಟ್ಟು ಹೊರಗೇ ಬಂದಿರಲಿಲ್ಲ.

"ಈಗ?" ಎಂದ ಫೋಟೋಗ್ರಾಫರ್.

ಕಿಟಕಿಯ ಸರಳಿನ ಮೇಲಿದ್ದ ಬೆರಳುಗಳು ಬಿಗಿಯಾದವು. ಬೆಳಗಿನಿಂದ ಇನ್‌ಸ್ಪೆಕ್ಟರ್ ಕಟ್ಟಿದ್ದ ಊಹೆಯೆಲ್ಲ ಒಂದು ಟೇಪಿನ ಪಟ್ಟಿಯಿಂದ ಕುಸಿದಿತ್ತು. ಕುಸಿದದ್ದು ಪೂರ್ತಿಯೋ ಅರ್ಧವೋ ಎಂದು ಅವಳು ನಿಧಾನವಾಗಿ ಯೋಚಿಸಿದಳು. ಭೌತಶಾಸ್ತ್ರ ಓದಿದ ದಿನಗಳಿಂದ ಅವಳಿಗೊಂದು ಅಭ್ಯಾಸ: ಲೆಕ್ಕ ತಪ್ಪಿದಾಗ ಅಳತೆಯನ್ನು ಅಳಿಸಬಾರದು. ಬದಲಾಯಿಸಿದರು ಎಂಬುದು ಲೆಕ್ಕ. ಮಸಿ ಇಲ್ಲ ಎಂಬುದು ಅಳತೆ. ಲೆಕ್ಕ ಹೋಯಿತು, ಅಳತೆ ಇನ್ನೂ ಮೇಜಿನ ಮೇಲೇ ಇತ್ತು.

"ಮೇಡಂ, ಕಿಂಡಿ ಇರೋದೇ ಮಸಿ ಹೊರಗೆ ಹಾರಲಿ ಅಂತ," ಎಂದ ಫೋಟೋಗ್ರಾಫರ್. ಈಗ ಅವನ ಮಾತಿನಲ್ಲಿ ಕಾವು ಇರಲಿಲ್ಲ. "ಅಷ್ಟು ದೂರಕ್ಕೆ ಒಳಗೆ ಕೂತಿರಲಾರದು."

"ಇರಬಹುದು. ಅದನ್ನೇ ನೋಡ್ಬೇಕು. ಈ ಹೊಸ ಕವರನ್ನ ನಿಮ್ಮ ಗಾಡಿಗೆ ಹಾಕಿ ಓಡಿಸೋಣ. ಒಪ್ಪಿಗೇನಾ?"

ಅವನು ಟಾರ್ಪಾಲಿನ ಕಡೆ ಒಮ್ಮೆ ನೋಡಿದ. "ಹಾಕಿ. ಭಾವನ ಜೊತೆಗೇ ಹಾಕಿಸ್ಬೇಕಿತ್ತು."

ಮೇಸ್ತ್ರಿಯ ತಂಗಿ ಕೆಲಸ ಶುರು ಮಾಡಿದಳು. ಎಂಜಿನ್ನಿನ ಅಂಚನ್ನು ಒಣಬಟ್ಟೆಯಿಂದ ಒರೆಸಿದಳು. ಆರೂ ಬೋಲ್ಟುಗಳನ್ನು ಬಟ್ಟೆಯ ಮೇಲೆ ಸಾಲಾಗಿ ಮಲಗಿಸಿ, ಪ್ರತಿಯೊಂದರ ಮರೆಗೂ, ಎಂದರೆ ತಿರುಪಿನ ಸುತ್ತುಗೆರೆಗೂ, ನೀಲಿ ಗಮ್ಮಿನ ಒಂದೊಂದು ಹನಿ ಬಿಟ್ಟಳು. ಓಡುವಾಗಿನ ನಡುಕಕ್ಕೆ ಬೋಲ್ಟು ತಾನಾಗಿ ತಿರುಗದಂತೆ ಹಿಡಿಯುವುದು ಆ ಹನಿ. ಮೊದಲು ಬೆರಳಿನಲ್ಲೇ ಎಲ್ಲವನ್ನೂ ಅರ್ಧಕ್ಕೆ ತಿರುಗಿಸಿದಳು. ಕೀ ಹಿಡಿದದ್ದು ಆಮೇಲೆ.

"ಬೆರಳಿಗೆ ಬರದ ಬೋಲ್ಟನ್ನ ಕೀಯಲ್ಲಿ ತುರುಕಬೇಡ," ಎಂದಿತು ಕಿಟಕಿ.

"ಅಣ್ಣಾ, ನೀನು ಹೀಗೇ ಮಾತಾಡ್ತಿದ್ರೆ ನಿನ್ನ ಒಳಗೇ ಇಟ್ಕೊಳ್ಳಿ ಅಂತ ನಾನೇ ಬರ್ದು ಕೊಡ್ತೀನಿ."

ಎದುರುಬದುರಾಗಿ ಬಿಗಿದಳು. ಕೊನೆಗೆ ಬಿಗಿ ಅಳೆಯುವ ರೆಂಚು ಹಿಡಿದು ಒಂದೊಂದನ್ನೂ ಒತ್ತಿದಾಗ ಅದು ಆರು ಸಲವೂ ಕಟ್ ಎಂದಿತು. ಪ್ರತಿ ಸದ್ದಿಗೂ ಕಿಟಕಿಯಲ್ಲಿ ಒಂದು ತಲೆ ಆಡಿತು.

ಎಂಜಿನ್ನು ಎದ್ದಿತು. ಅವಳು ಕ್ಲಚ್ಚು ಹಿಡಿದ ಕೂಡಲೇ ಪಾತ್ರೆ ತೊಳೆಯುವ ಜಾಗದಲ್ಲಿ ಸ್ಟೀಲು ತಟ್ಟೆಗಳ ಅಟ್ಟಿ ಉರುಳಿದಂಥ ಗಲಗಲ ಅಂಗಳದ ಗೋಡೆಗೆ ಬಡಿದು ತಿರುಗಿ ಬಂತು. ಕಿಂಡಿಗಳ ಹಿಂದೆ ಬಿಲ್ಲೆಗಳು ಬೆಳ್ಳಿಯ ಬಳೆಯಂತೆ ತಿರುಗಿದವು.

"ಅರ್ಧ ಕ್ಲಚ್ಚಲ್ಲೇ ಸುತ್ತು," ಎಂದಳು ಇನ್‌ಸ್ಪೆಕ್ಟರ್.

"ಸುಟ್ಟು ಹಾಕ್ತೀರಾ ನನ್ನ ಕ್ಲಚ್ಚನ್ನ," ಎಂದು ಫೋಟೋಗ್ರಾಫರ್ ಕಿವಿ ಮುಚ್ಚಿಕೊಂಡ. ಆದರೆ ಅವನ ಕಣ್ಣು ಕಿಂಡಿಯನ್ನು ಬಿಡಲಿಲ್ಲ.

ಬೈಕು ಎರಡು ಗೋಡೆಗಳ ನಡುವೆ ಹೋಗಿ ಬಂದು, ಹೋಗಿ ಬಂದು ನಿಂತಿತು. ಗುಡ್ಡದ ದಾರಿಯ ಹತ್ತರಲ್ಲಿ ಒಂದು ಪಾಲೂ ಓಡಿರಲಿಲ್ಲ. ತುಸು ಆರಲು ಬಿಟ್ಟು ಮೇಸ್ತ್ರಿಯ ತಂಗಿ ಮತ್ತೆ ಬಿಚ್ಚಿದಳು, ಮತ್ತೆ ಎದುರುಬದುರು. ಕವರನ್ನು ಒಳಮೈ ಮೇಲಾಗಿಸಿ ಚೀಲದ ಕವರಿನ ಪಕ್ಕದಲ್ಲಿಟ್ಟಳು.

ಎಲ್ಲರೂ ಮೇಜಿನ ಸುತ್ತ ಬಗ್ಗಿದರು.

ಹೊಸ ಕವರಿನ ಒಳಗೆ, ಪ್ರತಿ ಕಿಂಡಿಯ ಹಿಂದಿನ ಮೂಲೆಯಲ್ಲೂ, ಕಾಡಿಗೆ ತೀಡಿದಂತೆ ಮಸಿ ಕೂತಿತ್ತು. ಕಿಂಡಿಯಿಂದ ಹಾರಿದ್ದು ಹಾರಿತ್ತು. ಮೂಲೆಗೆ ಸಿಕ್ಕಿದ್ದು ಉಳಿದಿತ್ತು.

ಇನ್‌ಸ್ಪೆಕ್ಟರ್ ಚೀಲದ ಕವರನ್ನು ಬಿಸಿಲಿಗೆ ಹಿಡಿದಳು. ಅದೇ ಮೂಲೆಗಳು. ಒಂದು ಕಣವೂ ಇಲ್ಲ. ಒಳಮೈಯಲ್ಲಿ ಕೊರೆದ ಸಣ್ಣ ಅಂಕಿಗಳ ಸಂದಿಯಲ್ಲೂ ಇಲ್ಲ.

"ಇದು ಓಡಿದೆ," ಎಂದಳು. "ಓಡಿದ ಮೇಲೆ ಇದನ್ನ ತೊಳೆದಿದಾರೆ."

"ಬ್ರಶ್ಶಲ್ಲಿ ತೊಳೆದ್ರೂ ಈ ಮೂಲೆ ಬಿಡಲ್ಲ," ಎಂದಳು ಮೇಸ್ತ್ರಿಯ ತಂಗಿ. "ಪೆಟ್ರೋಲು ಹಾಕಿ ಉಜ್ಜಿದ್ರೂ ಅಂಕಿ ಸಂದೀಲಿ ಕಪ್ಪು ನಿಲ್ಲುತ್ತೆ. ನಾವು ದಿನಾ ಬೈಸ್ಕೊಳ್ತೀವಲ್ಲ."

ಇನ್‌ಸ್ಪೆಕ್ಟರಿಗೆ ಆ ಮಾತು ಅರ್ಧವೇ ಕೇಳಿಸಿತು. ಅವಳ ಕಣ್ಣು ಈಗ ತಾನೇ ಬಿಚ್ಚಿದ ಬೋಲ್ಟುಗಳ ಮೇಲಿತ್ತು. ಆರರ ಮರೆಯಲ್ಲೂ ಹಸಿ ನೀಲಿ. ಚೀಲದ ಎರಡರಲ್ಲಿ ನೀಲಿ ಇಲ್ಲ, ಅದಕ್ಕೇ ಮೇಸ್ತ್ರಿ ಒಳಗಿದ್ದಾನೆ. ಕವರನ್ನು ತೊಳೆದ ಕೈ ಬೋಲ್ಟನ್ನು ಬಿಟ್ಟಿರುತ್ತದೆಯೇ?

ಕವರು ತೊಳೆಯಬಹುದು. ಬೋಲ್ಟು ತೊಳೆಯಬಹುದು. ಆ ಬೋಲ್ಟು ಕೂತಿದ್ದ ಎಂಜಿನ್ನನ್ನು ಯಾವ ತೊಟ್ಟಿಗೆ ಹಾಕುತ್ತಾರೆ?

"ಟಾರ್ಪಾಲು ತೆಗೀರಿ."

ಫೋಟೋಗ್ರಾಫರ್ ಅದನ್ನು ಎಳೆದ, ಆಮೇಲೆ ಮುಖ ತಿರುಗಿಸಿಕೊಂಡ. ಅವಳು ನೆಲಕ್ಕೆ ಮಂಡಿಯೂರಿ, ಮುರಿದ ಬೈಕಿನ ಬಲಮಗ್ಗುಲಿಗೆ ಬಗ್ಗಿ, ಖಾಲಿ ಬೋಲ್ಟು ತೂತಿನೊಳಗೆ ಟಾರ್ಚು ಬಿಟ್ಟಳು. ಒಂದು ತೂತು. ಎರಡು. ಹಲ್ಲುಕಡ್ಡಿಯ ತುದಿಯಿಂದ ಒಳಗಿನ ಮರೆಯನ್ನು ಕೆರೆದು, ತುದಿಯನ್ನು ಬಿಳಿ ಕಾಗದದ ಮೇಲೆ ತಟ್ಟಿದಳು.

ಉಪ್ಪಿನ ಹರಳಿನಷ್ಟು ಸಣ್ಣ ಚೂರುಗಳು. ನೀಲಿ.

ಆರು ತೂತಿನಲ್ಲೂ ಇತ್ತು.

ಮೇಸ್ತ್ರಿಯ ತಂಗಿ ಕಾಗದದ ಮೇಲೆ ಬಗ್ಗಿದಳು. ಮಸಿಗೈಯಿಂದಲೇ ಮೂಗು ಒರೆಸಿಕೊಂಡು ಕಿಟಕಿಯ ಕಡೆ ತಿರುಗಿದಳು.

"ಅಣ್ಣಾ. ನೀಲಿ ಇದೆ."

"ಇರದೆ ಎಲ್ಲಿಗೆ ಹೋಗುತ್ತೆ," ಎಂದ ಮೇಸ್ತ್ರಿ. "ನಾನು ಮೊದಲಿಂದ ಅದನ್ನೇ ಹೇಳ್ತಿದೀನಿ."

"ಮಧ್ಯಾಹ್ನದ ವ್ಯಾನಿಗೆ ನೀವು ಹತ್ತಲ್ಲ," ಎಂದಳು ಇನ್‌ಸ್ಪೆಕ್ಟರ್. "ಈ ಕಾಗದ ಇವತ್ತೇ ಪರಿಣತರಿಗೆ ಹೋಗುತ್ತೆ."

ಅವಳು ಎದ್ದು ಮಂಡಿಯ ಧೂಳು ಕೊಡವಿಕೊಂಡಳು. ಮೇಸ್ತ್ರಿ ಸರಿಯಾಗಿಯೇ ಬಿಗಿದಿದ್ದ ಎಂದ ಮೇಲೆ ಆ ಕವರು ತಾನಾಗಿ ಸಡಿಲವಾಗಿರಲಿಲ್ಲ. ಯಾರೋ ಬಿಚ್ಚಿದ್ದರು, ತೊಳೆದಿದ್ದರು, ಎರಡೇ ಬೋಲ್ಟಿನಲ್ಲಿ ತೂಗುಬಿಟ್ಟಿದ್ದರು. ತೊಳೆದದ್ದು ಮಸಿಗಾಗಿ ಇರಲಾರದು. ಮಸಿಯ ಜೊತೆಗೆ ಹೋಗಬೇಕಿದ್ದದ್ದು ಆ ನೀಲಿ.

ಮತ್ತು ಬ್ರಶ್ಶು ಹೋಗದ ಮೂಲೆಗೂ ಹೋಗುವ ತೊಳೆತ. ಅದನ್ನು ಅವಳು ನೋಡಿದ್ದಳು. ಕಾಲೇಜಿನ ಪ್ರಯೋಗಾಲಯದ ಮೂಲೆಯಲ್ಲಿ ಒಂದು ಸ್ಟೀಲಿನ ತೊಟ್ಟಿ ಇತ್ತು. ಗಾಜಿನ ಚೂರುಗಳನ್ನು ನೀರಿಗೆ ಬಿಟ್ಟು ಗುಂಡಿ ಒತ್ತಿದರೆ ಕಿವಿಗೆ ಕೇಳದಷ್ಟು ಸಣ್ಣ ನಡುಕದ ಅಲೆ ನೀರೊಳಗೆ ಹಾಯುತ್ತಿತ್ತು. ಯಾರ ಕೈಯೂ ಮುಟ್ಟದೆ ಕೊಳೆ ತಾನಾಗಿ ಬಿಟ್ಟು ಬರುತ್ತಿತ್ತು. ಅಂಥ ತೊಟ್ಟಿ ಈ ಊರಿನಲ್ಲಿ ಯಾರ ಹತ್ತಿರ ಇರುತ್ತದೆ?

"ಕನ್ನಡಕದ ಅಂಗಡೀಲಿ ಒಂದು ಸಣ್ಣದಿದೆ," ಎಂದ ಫೋಟೋಗ್ರಾಫರ್, ಅವಳು ವಿವರಿಸಿ ಕೇಳಿದಾಗ. "ಎರಡು ಕನ್ನಡಕ ಹಿಡಿಸೋ ಅಷ್ಟು. ಈ ಕವರು ಅದರಲ್ಲಿ ಕೂರಲ್ಲ." ಅವನು ತಡೆದ. "ಕೂರೋ ಅಷ್ಟು ದೊಡ್ಡದು ಭಾವನ ಕ್ಲಿನಿಕ್ಕಲ್ಲಿದೆ. ಇಕ್ಕಳ, ಹಲ್ಲಿನ ಸೆಟ್ಟು, ಎಲ್ಲ ಅದರಲ್ಲೇ ತೊಳೀತಾರೆ."

"ಕ್ಲಿನಿಕ್ಕು ಈಗ ಯಾರು ನೋಡ್ತಿದಾರೆ?"

"ಯಾರೂ ಇಲ್ಲ. ಶುಕ್ರವಾರ ಸಂಜೆ ಭಾವ ಬಾಗಿಲು ಹಾಕಿದ್ದೇ ಕೊನೆ. ಕೆಲಸದವರಿಗೆಲ್ಲ ಬರಬೇಡಿ ಅಂತ ಹೇಳಿದೀವಿ."

"ಬೀಗದ ಕೈ?"

"ಇರೋದು ಒಂದೇ. ಅಕ್ಕನ ಹತ್ತಿರ." ಹೇಳಿದ ಮೇಲೆ ಅವನಿಗೆ ತಾನು ಹೇಳಿದ್ದು ಕೇಳಿಸಿತು. "ಅಕ್ಕ ಹಾಸಿಗೆ ಬಿಟ್ಟು ಎದ್ದಿಲ್ಲ ಮೇಡಂ. ಆ ಕಡೆ ಯೋಚನೆ ಮಾಡಬೇಡಿ."

ಇನ್‌ಸ್ಪೆಕ್ಟರ್ ಆ ಕಡೆ ಯೋಚನೆ ಮಾಡುತ್ತಿರಲಿಲ್ಲ. ಶುಕ್ರವಾರದಿಂದ ತೆರೆಯದ ಬಾಗಿಲು. ಅದರ ಹಿಂದೆ ಹಲ್ಲಿನ ಸೆಟ್ಟು ತೊಳೆಯುವ ತೊಟ್ಟಿ. ಭಾನುವಾರ ಆ ತೊಟ್ಟಿಯಲ್ಲಿ ಈಜಾಡಿದ ಹಲ್ಲು.

ಸ್ವಲ್ಪ ಹೊತ್ತಿನಿಂದ ಅಂಗಳದಲ್ಲಿ ಏನೋ ಕೇಳಿಸುತ್ತಿಲ್ಲ ಎಂದು ಅವಳಿಗೆ ಆಗ ಅರಿವಾಯಿತು. ಗೇಟಿನ ಕಡೆಯ ಟಕ್ ಟಕ್.

ಅವಳು ತಿರುಗಲು ಅವಸರ ಮಾಡಲಿಲ್ಲ. ಕಾಗದವನ್ನು ನೀಲಿ ಚೂರುಗಳ ಸಮೇತ ನಾಲ್ಕಾಗಿ ಮಡಿಸಿ ಜೇಬಿಗಿಟ್ಟು, ಗುಂಡಿ ಹಾಕಿಕೊಂಡಳು. ಈ ಅಂಗಳದ ಬೀಗ ಯಾರ ಸೊಂಟದಲ್ಲಿದೆ ಎಂದು ಕೇಳುವ ಅಗತ್ಯ ಇರಲಿಲ್ಲ. ಶನಿವಾರದ ಮಹಜರು ಯಾರ ಕೈಬರಹ ಎಂದು ಕೇಳುವ ಅಗತ್ಯವೂ ಇರಲಿಲ್ಲ. ಆ ಕೈಬರಹ ನೋಡಿಯೇ ಅವಳು ಬರೆಯಲು ಕಲಿತಿದ್ದಳು.

"ದಫೇದಾರ್ರೇ."

ದಫೇದಾರರು ಸ್ಟೂಲಿನಿಂದ ಎದ್ದು ನಿಂತಿದ್ದರು. ಬೀಗದ ಕೈಗಳ ಗೊಂಚಲನ್ನು ಸೊಂಟದಿಂದ ಬಿಚ್ಚಿ ಸ್ಟೂಲಿನ ಮೇಲೆ ಇಟ್ಟಿದ್ದರು. ಬಾಯಿಗೆ ಕೈ ಹಾಕಿ ಸೆಟ್ಟು ತೆಗೆದರು. ಕರವಸ್ತ್ರ ಬಿಚ್ಚಿ, ಅದನ್ನು ನಡುವೆ ಇಟ್ಟು, ನಾಲ್ಕು ಮೂಲೆಯನ್ನೂ ಮಡಿಸಿದರು. ಕೆನ್ನೆ ಒಳಕ್ಕೆ ಹೋಗಿ ಮುಖ ಒಮ್ಮೆಗೇ ಬೇರೆ ಯಾರದೋ ಆಯಿತು.

"ಶನಿವಾರ ನಾನು ಹೋದಾಗ ಆ ಕವರು ಗಟ್ಟಿಯಾಗೇ ಕೂತಿತ್ತು ಮೇಡಂ," ಎಂದರು. "ಬಿಚ್ಚಿದ್ದು ನಾನು. ತೂಗುಬಿಟ್ಟದ್ದೂ ನಾನು."

ಕಿಟಕಿಯಲ್ಲಿ ಸರಳು ಅಲುಗಿದ ಸದ್ದಾಯಿತು. ಅವರು ಆ ಕಡೆ ನೋಡಲಿಲ್ಲ. ಕರವಸ್ತ್ರದ ಗಂಟನ್ನು ಎರಡೂ ಕೈಯಲ್ಲಿ ಹಿಡಿದು ಫೋಟೋಗ್ರಾಫರನನ್ನೇ ನೋಡುತ್ತಿದ್ದರು.

"ತೊಳೆದದ್ದು ನಾನಲ್ಲ. ಹಾಸಿಗೆ ಬಿಟ್ಟು ಎದ್ದಿಲ್ಲ ಅಂದ್ರಲ್ಲಪ್ಪಾ ನಿಮ್ಮಕ್ಕ, ತೊಳೀತಾ ಇದ್ದವರು ಅವರೇ. ಹೇಗೂ ಬಂದಿದೀರಲ್ಲ ಅಂತ, ನನ್ನ ಹಲ್ಲನ್ನೂ ಇಸ್ಕೊಂಡು ಅದೇ ತೊಟ್ಟಿಗೆ ಹಾಕಿದ್ರು."